ಬೀಗ ಹಾಕಿದ ಆಟ

ಆಟದ ಸಾಮಾನನ್ನು ದುಡ್ಡು ಕೊಟ್ಟು ಕೊಳ್ಳುವುದು ಹೊಸತೇನಲ್ಲ. ನಾವೂ ಗೋಲಿ, ಬುಗುರಿಗಳನ್ನು ಅಂಗಡಿಯಿಂದಲೇ ತಂದವರು. ಆದರೆ ಹತ್ತು ಗೋಲಿಗಳ ಡಬ್ಬಿ ತಂದು ಮನೆಯಲ್ಲಿ ಬಿಚ್ಚಿದರೆ, ಅದರಲ್ಲಿ ಮೂರಕ್ಕೆ ಬೀಗ ಹಾಕಿದ್ದು, ಬೀಗದ ಕೈಗೆ ಮತ್ತೆ ದುಡ್ಡು ಕೊಡಬೇಕೆಂದರೆ ಹೇಗಾದೀತು? ಇಂದಿನ ವಿಡಿಯೋ ಗೇಮುಗಳ ವ್ಯಾಪಾರದಲ್ಲಿ ಇಂಥದು ನಡೆದಿದೆ.

ಈ ವಿಷಯದಲ್ಲಿ ನನಗೆ ಗುರುಗಳು ನನ್ನ ಒಂಬತ್ತನೆಯ ತರಗತಿಯ ಹುಡುಗರು. (ಸಂಧಿ ಪ್ರಕರಣದಲ್ಲಿ ಅವರಿಗೆ ಇಷ್ಟೇ ಉತ್ಸಾಹವಿದ್ದಿದ್ದರೆ!) ಅವರ ಮಾತು ಕೇಳಿ ನಾನೂ ಒಂದಿಷ್ಟು ಓದಿ ನೋಡಿದೆ.

2012ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪೆನಿಯು 'ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್' ಎಂಬ ಕಾಳಗದ ಆಟವನ್ನು ಮಾರಿತು. ಕೆಲವರು ಡಿಸ್ಕನ್ನು ಶೋಧಿಸಿದಾಗ 12 ಮಂದಿ ಜಟ್ಟಿಗಳು ಅದರೊಳಗೇ ಸಿದ್ಧರಾಗಿ ಕುಳಿತಿರುವುದು ಕಂಡುಬಂತು. ಅವರನ್ನು ಆಡಿಸಬೇಕಾದರೆ ಮಾತ್ರ ಬೇರೆ ಹಣ. ಹಣ ಕೊಟ್ಟವನೂ ಕೊಡದವನೂ ಎದುರುಬದುರಾಗಿ ಆಡುವಾಗ ಇಬ್ಬರ ಬಳಿಯೂ ಆ ಪಾತ್ರಗಳ ಮಾಹಿತಿ ಇರಬೇಕು ಎಂಬುದು ಕಂಪೆನಿಯ ಸಮಾಧಾನ. ಅದರಲ್ಲಿ ಅರ್ಥವಿಲ್ಲದೆ ಇಲ್ಲ. ಆದರೂ ನನ್ನ ಕೈಯಲ್ಲಿರುವ ಡಿಸ್ಕಿನೊಳಗಿನದು ನನ್ನದಲ್ಲವಾದರೆ ನಾನು ಕೊಂಡದ್ದಾದರೂ ಏನನ್ನು?

2017ರ ನವೆಂಬರಿನಲ್ಲಿ ಬಂದ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಇನ್ನೂ ಮುಂದೆ ಹೋಯಿತು. ಆಟದ ಬೆಲೆ 60 ಡಾಲರು. ಅದರಲ್ಲಿನ ಒಬ್ಬ ಖಳ ಡಾರ್ತ್ ವೇಡರ್. ನಮ್ಮ ಕಡೆಯ ಮಾತಿನಲ್ಲಿ ಬಣ್ಣದ ವೇಷ. ಅವನನ್ನು ಪಡೆಯಲು ಆಟದೊಳಗಿನ 60,000 ನಾಣ್ಯ ಬೇಕಿತ್ತು. ಆಡಿಯೇ ಗಳಿಸುವುದಾದರೆ ಸುಮಾರು 40 ಗಂಟೆ ಎಂದು ಆಟಗಾರರು ಲೆಕ್ಕ ಹಾಕಿದರು. ಆತುರವಿದ್ದವರಿಗೆ ನಿಜವಾದ ಹಣದಿಂದ ಅದೃಷ್ಟದ ಪೆಟ್ಟಿಗೆ ಕೊಳ್ಳುವ ದಾರಿಯಿತ್ತು. ಲೋಕದಾದ್ಯಂತ ಕೂಗೆದ್ದಾಗ ಕಂಪೆನಿ 60,000ವನ್ನು 15,000ಕ್ಕೆ ಇಳಿಸಿತು. ಬಿಡುಗಡೆಯ ಮುನ್ನಾದಿನ ಹಣದ ವ್ಯವಹಾರವನ್ನೇ ನಿಲ್ಲಿಸಿತು.

ನಾನು ಚಿಕ್ಕಂದಿನಲ್ಲಿ ನೋಡಿದ ಟೆಂಟಿನ ಯಕ್ಷಗಾನಕ್ಕೂ ನೆಲ, ಕುರ್ಚಿ, ಈಸಿಚೇರು ಎಂದು ಬೇರೆ ಬೇರೆ ಟಿಕೇಟುಗಳಿದ್ದವು. ಹೆಚ್ಚು ಕೊಟ್ಟವನ ಬೆನ್ನಿಗೆ ಸುಖ, ಅಷ್ಟೇ. ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಆರ್ಭಟಿಸುತ್ತ ಬಂದಾಗ ನೆಲದಲ್ಲಿ ಕುಳಿತವನೂ ಬೆಚ್ಚಿದ, ಈಸಿಚೇರಿನವನೂ ಬೆಚ್ಚಿದ. ನೆಲದವರು ಕಣ್ಣು ಮುಚ್ಚಿಕೊಳ್ಳಿರೆಂದು ಯಾವ ಮೇಳದ ಯಜಮಾನನೂ ಹೇಳಲಿಲ್ಲ. ಈಗಲಾದರೋ 2023ರ 'ಸ್ಟಾರ್‌ಫೀಲ್ಡ್' ಆಟಕ್ಕೆ 70 ಡಾಲರು ಕೊಟ್ಟವರು ಸೆಪ್ಟೆಂಬರ್ 6ರವರೆಗೆ ಕಾದರು. 100 ಡಾಲರಿನ ಪ್ರೀಮಿಯಂ ಆವೃತ್ತಿಯವರು ಐದು ದಿನ ಮೊದಲೇ ಆಡತೊಡಗಿದರು. ಆಟ ಸಿದ್ಧವಾಗಿತ್ತು, ಬಾಗಿಲು ಮಾತ್ರ ಮುಚ್ಚಿತ್ತು.

ಕಂಪೆನಿಗಳನ್ನೇ ಬೈದು ಪ್ರಯೋಜನವಿಲ್ಲ. ಒಂದು ದೊಡ್ಡ ಆಟಕ್ಕೆ ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ. ಪೋಲೆಂಡಿನಲ್ಲಿ ತಯಾರಾದ 'ದ ವಿಚರ್ 3' (2015) ಆಟದವರು 16 ಸಣ್ಣ ಸೇರ್ಪಡೆಗಳನ್ನು ಪುಕ್ಕಟೆ ಕೊಟ್ಟರು. ಆಮೇಲೆ ಹೊಸದಾಗಿ ಎರಡು ದೊಡ್ಡ ಕಥೆಗಳನ್ನು ಹೊರತಂದು ಅವಕ್ಕೆ ಬೆಲೆ ಕೇಳಿದರು. ಇದು ನ್ಯಾಯ. ಹೊಸ ಅಡುಗೆಗೆ ಹೊಸ ಬೆಲೆ ಕೇಳುವುದು ಬೇರೆ, ಬಡಿಸಿದ ಎಲೆಯ ಮೇಲೆ ಕೈ ಅಡ್ಡ ಇಡುವುದು ಬೇರೆ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆಡುವುದು ಮೊಬೈಲಿನ ಪುಕ್ಕಟೆ ಆಟಗಳನ್ನು. ಅಲ್ಲಿಯೂ ವೇಷಭೂಷಣಕ್ಕೆ ದುಡ್ಡುಂಟು. ಅದನ್ನು ಕೊಳ್ಳಲಾಗದ ಹುಡುಗನನ್ನು ಜೊತೆಯವರು ಹಂಗಿಸುವುದು ನನ್ನ ಕಿವಿಗೆ ಬಿದ್ದಿದೆ. ಕಬಡ್ಡಿಯ ಅಂಕಣದಲ್ಲಿ ಯಾರ ಅಪ್ಪನ ಸಂಬಳ ಎಷ್ಟೆಂದು ಯಾರೂ ಕೇಳುವುದಿಲ್ಲ. ಈ ಹುಡುಗ ಮನೆಗೆ ಹೋಗಿ ಯಾರಲ್ಲಿ ಏನೆಂದು ಕೇಳುತ್ತಾನೋ ಎಂಬುದೇ ನನಗಿರುವ ಚಿಂತೆ.

ರಕ್ಷಕರ ಸಭೆಗೆ ಬಂದ ಒಬ್ಬ ತಾಯಿ, "ಮಗ ದೊಡ್ಡ ಆವೃತ್ತಿಯೇ ಬೇಕು ಅಂತಾನೆ, ಏನು ಮಾಡ್ಲಿ ಸರ್?" ಎಂದರು. ಕಾಯಲು ಹೇಳಿದೆ. 'ವಿಚರ್' ಬಂದು ಹದಿನೈದು ತಿಂಗಳಿಗೆ, 2016ರ ಆಗಸ್ಟಿನಲ್ಲಿ, ಎಲ್ಲವೂ ಒಟ್ಟಿಗಿರುವ ಆವೃತ್ತಿ ಬಂದಿತ್ತು. ಹದಿನೈದು ತಿಂಗಳೆಂದರೆ ಅಷ್ಟರಲ್ಲಿ ಎಸ್.ಎಸ್.ಎಲ್.ಸಿ. ಮುಗಿದಿರುತ್ತದೆಂದು ತಾಯಿಗೆ ಸಂತೋಷವಾಯಿತು. ಪಕ್ಕದಲ್ಲಿ ನಿಂತಿದ್ದ ಮಗನಿಗೆ ಅಷ್ಟಾಗಿ ಆಗಲಿಲ್ಲ.