ಎಂಜಿನ್ನಿಗೆ ಬಫ್ ಹೊಡೆಸೋದಾ, ಬಣ್ಣ ಹೊಡೆಸೋದಾ?

ಕೊಳೆಗೆ ಮೊದಲ ಔಷಧಿ ಹೊಡೆದು ಮುಗಿಸಿ, ಪಂಪು ತೊಳೆದು ಒಳಗಿಡುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರ್ತದೆ. ಈ ಸಲ ಸೊರಬದ ಕಡೆಯ ಇಬ್ಬರು, ಶಿರಾಳಕೊಪ್ಪದ ಹತ್ತಿರದ ಒಬ್ಬರು ಫೋನ್ ಮಾಡಿ ಕೇಳಿದರು: "ಕಬ್ಬಿಣ ಹೊಳೆಯೋ ಹಾಗೆ ತಿಕ್ಕಿಸಿ ಎಣ್ಣೆ ಸವರಿಟ್ರೆ ಸಾಕಾ, ಇಲ್ಲಾ ಬಣ್ಣ ಹೊಡೆಸ್ಲೇಬೇಕಾ?" ಇದು ಫೋನಿನಲ್ಲಿ ಹೇಳಿ ಮುಗಿಯೋ ಮಾತಲ್ಲ. ನಮ್ಮ ಮನೆಯಲ್ಲೇ ಒಂದು ವರ್ಷದಿಂದ ಇದೇ ಜಗಳ ನಡೀತಿದೆ. ಅದನ್ನೂ ಸೇರಿಸಿ ಬರೀತಿದ್ದೇನೆ. ಉದ್ದ ಆಗ್ತದೆ, ಬಿಡುವಾದಾಗ ಓದಿ.

ಜಗಳ ಇರೋದು ಅಪ್ಪಯ್ಯನ ಕಾಲದ ಡೀಸೆಲ್ ಎಂಜಿನ್ ಬಗ್ಗೆ. ಇಂಗ್ಲೆಂಡಿನ ಲಿಸ್ಟರ್ ಮಾದರಿಯಲ್ಲಿ ರಾಜಕೋಟದಲ್ಲಿ ಮಾಡಿದ್ದು. 6 ಎಚ್‌ಪಿ, ನಿಮಿಷಕ್ಕೆ 650 ಸುತ್ತು, ಎರಡು ಪಕ್ಕಕ್ಕೆ ಎರಡು ದೊಡ್ಡ ಗಾಲಿ. ಟುಕ್ ಟುಕ್ ಅಂತ ಕೆರೆ ಏರಿ ಮೇಲೆ ಅದು ಶುರುವಾದರೆ ಪಕ್ಕದೂರಿಗೆ ಕೇಳ್ತಿತ್ತು. ಈಗ ಮೋಟಾರ್ ಇದೆ, ಅದಕ್ಕೆ ಕೆಲಸ ಕಮ್ಮಿ. ಆದರೆ ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಟಿಸಿ ಸುಟ್ಟು ಹನ್ನೊಂದು ದಿನ ಕರೆಂಟ್ ಇರಲಿಲ್ಲ. ನಾನೂರು ಅಡಿಕೆ ಸಸಿ ಉಳಿದದ್ದು ಈ ಎಂಜಿನ್ನಿನಿಂದ.

ಈಗ ಸಾಗರದ ಕಡೆ ಹೋಂಸ್ಟೇ ಮಾಡುವವರೊಬ್ಬರು ಅದನ್ನು ಅಂಗಳದಲ್ಲಿ ನೋಟಕ್ಕೆ ಇಡಬೇಕು ಅಂತ ಕೇಳಿದ್ದಾರೆ. 45 ಸಾವಿರ ಕೊಡ್ತಾರಂತೆ, ಆದರೆ "ಕನ್ನಡಿ ಹಾಗೆ ಹೊಳೀಬೇಕು" ಅಂತ ಷರತ್ತು. ಗುಜರಿಗೆ ಹಾಕಿದರೆ ಕೆಜಿ ಲೆಕ್ಕ, ಇದರ ಹತ್ತಿರವೂ ಬರೋದಿಲ್ಲ. ಅಣ್ಣನಿಗೆ ಮಗಳ ಕಾಲೇಜು ಫೀಸಿನ ಚಿಂತೆ. ಅಣ್ಣನ ಮಗ ಐಟಿಐ ಓದಿದವನು, ಬಫಿಂಗ್ ಚಕ್ರ ತಂದು ನಿಂತಿದ್ದಾನೆ. "ಚಿಕ್ಕಪ್ಪ, ಟ್ಯಾಪೆಟ್ ಕವರಿಂದ ಗಾಲಿ ತನಕ ಎಲ್ಲಾ ಬಫ್ ಹೊಡೆದು ಮೇಲೆ ಕ್ಲಿಯರ್ ಲ್ಯಾಕರ್ ಹಾಕಿಬಿಡ್ತೀನಿ" ಅಂತಾನೆ. ನಂದು ಒಂದೇ ಮಾತು, ಮಾರುವುದಾದರೂ ಇಟ್ಟುಕೊಳ್ಳುವುದಾದರೂ ಮಳೆಗಾಲ ತಡೆಯೋ ಹಾಗೆ ಮಾಡು.

ಪಾಲಿಶ್ ಅಂದರೆ ಲೋಹದ ಮೇಲೆ ಏನೋ ಹಚ್ಚೋದು ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಹಚ್ಚೋದಲ್ಲ, ತೆಗೆಯೋದು. ಎಮರಿ ಪೇಪರಿರಲಿ, ಬಫ್ ಚಕ್ರ ಇರಲಿ, ಮೇಲಿನ ಲೋಹವನ್ನೇ ತೆಳ್ಳಗೆ ಸವೆಸಿ ನುಣುಪು ಮಾಡ್ತದೆ. ನುಣುಪಾದ ಮೈಯಲ್ಲಿ ನೀರು, ಧೂಳು ಕಮ್ಮಿ ನಿಲ್ತದೆ, ಅಷ್ಟರ ಮಟ್ಟಿಗೆ ಲಾಭ ನಿಜ. ಆದರೆ ಕಬ್ಬಿಣ ಬರಿಮೈಯಲ್ಲೇ ನಿಂತಿರ್ತದೆ. ತುಕ್ಕಿಗೆ ಬೇಕಾದ್ದು ನೀರು ಮತ್ತು ಗಾಳಿ, ಎರಡೇ. ಅದಕ್ಕೆ ಮಳೆ ಹನಿಯೇ ಬೀಳಬೇಕೆಂದಿಲ್ಲ. ಗಾಳಿಯ ತೇವ ನೂರಕ್ಕೆ ಅರವತ್ತು ದಾಟಿದರೆ ಕಣ್ಣಿಗೆ ಕಾಣದ ನೀರಿನ ಪೊರೆ ಕಬ್ಬಿಣದ ಮೇಲೆ ಕೂರ್ತದೆ. ಆಷಾಢ, ಶ್ರಾವಣದಲ್ಲಿ ಅಡುಗೆಮನೆ ಉಪ್ಪು ನೀರಾಗೋ ಊರು ನಮ್ಮದು, ಇನ್ನು ಎಂಜಿನ್ ಶೆಡ್ಡಿನ ಕತೆ ಏನು ಹೇಳೋದು?

ಬಾಯಲ್ಲಿ ಜಗಳ ಆಡೋದಕ್ಕಿಂತ ನೋಡಿಬಿಡೋಣ ಅಂತ ಹೋದ ಮಳೆಗಾಲದಲ್ಲಿ ಒಂದು ಗುಜರಿ ಬೀಡಿನ ಕವರ್ ತಗೊಂಡು ಮೂರು ಪಟ್ಟಿ ಮಾಡಿದೆವು. ಒಂದಕ್ಕೆ ಬರೀ ಬಫ್ ಹೊಡೆದು ಎಣ್ಣೆ. ಇನ್ನೊಂದಕ್ಕೆ ಬಫ್ ಹೊಡೆದು ಮೇಲೆ ಲ್ಯಾಕರ್. ಮೂರನೆಯದನ್ನು ಒರಟು ಪೇಪರಿನಲ್ಲಿ ತಿಕ್ಕಿ, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎರಡು ಸಲ ಎನಾಮಲ್. ಶೆಡ್ಡಿನ ಮಾಡಿಗೆ ಕಟ್ಟಿ ತೂಗಿಬಿಟ್ಟೆವು.

ಎಣ್ಣೆಯ ಪಟ್ಟಿ, ಹದಿನೈದು ದಿನಕ್ಕೊಮ್ಮೆ ಒರೆಸಿ ಸವರಿದಷ್ಟು ಕಾಲ ಚೆನ್ನಾಗೇ ಇತ್ತು. ನಾಟಿ ಗಡಿಬಿಡಿಯಲ್ಲಿ ಮೂರು ವಾರ ಯಾರೂ ಆ ಕಡೆ ಹೋಗಲಿಲ್ಲ, ಎಣ್ಣೆ ಇಳಿದುಹೋಗಿ ಕಂದು ಚುಕ್ಕಿ ಎದ್ದಿದ್ದವು. ಲ್ಯಾಕರಿನದು ಗೌರಿ ಹಬ್ಬದ ತನಕ ನೋಡಲು ಬಲು ಚೆಂದ. ಅಣ್ಣನ ಮಗ ಗೆದ್ದೆ ಅಂತ ಓಡಾಡ್ತಿದ್ದ. ಆದರೆ ಒಂದು ಕಡೆ ಸ್ಪ್ಯಾನರ್ ತಾಗಿ ಚೂರು ಎದ್ದಿತ್ತು. ಆ ಚೂರಿನಿಂದ ತುಕ್ಕು ಲ್ಯಾಕರಿನ ಅಡಿಯಲ್ಲಿ ಬೇರು ಬಿಟ್ಟ ಹಾಗೆ ಹರಡಿತು. ಮೇಲಿಂದ ಒರೆಸಿದರೆ ಬರೋದಿಲ್ಲ, ಎಣ್ಣೆ ಹಾಕಿದರೆ ಒಳಗೆ ಇಳಿಯೋದಿಲ್ಲ. ಬಣ್ಣದ ಪಟ್ಟಿಗೆ ಏನೂ ಆಗಲಿಲ್ಲ. ಅದಕ್ಕೂ ಅದೇ ಸ್ಪ್ಯಾನರಿನಿಂದ ಒಂದು ಏಟು ನಾನೇ ಕೊಟ್ಟು ನೋಡಿದೆ, ತಾಗಿದ ಜಾಗದಷ್ಟೇ ಕೆಂಪಾಯಿತು, ಹರಡಲಿಲ್ಲ.

ಕಾರಣ ಸರಳ. ಬಣ್ಣ ಹಿಡಿಯಲು ಮೈ ಒರಟಿರಬೇಕು. ಗೋಡೆಗೆ ಗಿಲಾವು ಹಿಡಿಯಲಿ ಅಂತ ಕಚ್ಚು ಹಾಕ್ತೀವಲ್ಲ, ಹಾಗೆ. ಕನ್ನಡಿ ಹಾಗೆ ನುಣುಪು ಮಾಡಿದ ಕಬ್ಬಿಣದ ಮೇಲೆ ಏನು ಹಚ್ಚಿದರೂ ಸುಮ್ಮನೆ ಮೇಲೆ ಕೂತಿರ್ತದೆ. ಅಂದರೆ ಬಫ್ ಜಾಸ್ತಿ ಆದಷ್ಟೂ ಮೇಲಿನ ಲೇಪ ಸಡಿಲ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವವರಿಗೆ ಇದು ಬೇಗ ಅರ್ಥ ಆಗ್ತದೆ. ಸರಿಯಾಗಿ ಕೂತ ಕೊಟ್ಟೆ ಗೊನೆ ಕಾಯ್ತದೆ. ಹರಿದ ಕೊಟ್ಟೆಯೊಳಗೆ ನೀರು ಇಳಿದು ಅಲ್ಲೇ ನಿಂತರೆ ಕಟ್ಟದ ಗೊನೆಗಿಂತ ಮೊದಲು ಅದೇ ಕೊಳೀತದೆ.

ಇಷ್ಟು ನೋಡಿದ ಮೇಲೂ ಹುಡುಗ ಸುಮ್ಮನಾಗಲಿಲ್ಲ. "ಬಳ್ಳಿಗಾವಿ ಕೇದಾರೇಶ್ವರದ ಕಂಬ ನೋಡಿ, ಯಾವ ಲ್ಯಾಕರೂ ಇಲ್ಲದೆ ಎಷ್ಟು ನೂರು ವರ್ಷದಿಂದ ಮುಖ ಕಾಣ್ತದೆ" ಅಂದ. ಅದು ಬಳಪದ ಕಲ್ಲು ಮಾರಾಯ, ಕಲ್ಲಿಗೆ ತುಕ್ಕು ಎಲ್ಲಿಂದ ಬರ್ತದೆ ಅಂದೆ. ಅತ್ತಿಗೆ ಒಳಗಿಂದ ನಕ್ಕಿದ್ದು ಕೇಳಿಸಿತು.

ಹಾಗಂತ ಎಂಜಿನ್ನಿಗೆ ಹೊಳಪೇ ಬೇಡ ಅಂತಲ್ಲ. ಕೆಲವು ಜಾಗಕ್ಕೆ ಹೊಳಪು ಬೇಕೇ ಬೇಕು, ಅದು ಚೆಂದಕ್ಕಲ್ಲ, ಕೆಲಸಕ್ಕೆ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾಗಿ ಎಷ್ಟೋ ವರ್ಷ ಲೇತ್ ಮಾಡ್ತಿತ್ತು, ಈಗ ಕಾರ್ಖಾನೆ ಇಲ್ಲ, ಆದರೆ ಅವರ ಲೇತು ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗ್ತಿವೆ. ಮುಂದಿನ ಸಲ ಹೋದಾಗ ಗಮನಿಸಿ. ಮೈಗೆಲ್ಲ ಬಣ್ಣ, ಆದರೆ ಟೂಲು ಹಿಡಿದ ಗಾಡಿ ಹಿಂದೆ ಮುಂದೆ ಜಾರುವ ಹಳಿ ಮಾತ್ರ ಬರಿಮೈ. ಅಲ್ಲಿ ದಿನಾ ಎಣ್ಣೆ. ಎಂಜಿನ್ನಿಗೂ ಪಂಪಿಗೂ ಇದೇ ಲೆಕ್ಕ. ಕ್ರ್ಯಾಂಕಿನ ಬೇರಿಂಗ್ ಕೂರುವ ಜಾಗ ನುಣುಪಾಗಿರಬೇಕು. ಎಚ್‌ಟಿಪಿ ಪಂಪಿನ ಪ್ಲಂಜರ್ ಕನ್ನಡಿ ಹಾಗಿರಬೇಕು, ಗೀರು ಬಿದ್ದರೆ ಪ್ಯಾಕಿಂಗ್ ತಿಂದುಹಾಕ್ತದೆ. ಪಟ್ಟಾ ಓಡುವ ಪುಲ್ಲಿಗೆ ಬಣ್ಣ ಹೊಡೆದರೆ ಪಟ್ಟಾ ಜಾರ್ತದೆ, ಆ ಬಣ್ಣವೂ ಉಳಿಯೋದಿಲ್ಲ, ತುಕ್ಕು ಹಿಡಿಸಿದರೆ ಪಟ್ಟಾ ಹರೀತದೆ. ಇವಕ್ಕೆಲ್ಲ ಗ್ರೀಸೋ ಎಣ್ಣೆಯೋ, ಅಷ್ಟೇ.

ಇನ್ನೊಂದು ಜಾಗದಲ್ಲಿ ಹೊಳಪು ಬಂದರೆ ಎಂಜಿನ್ ಹಾಳು. ಸಿಲಿಂಡರ್ ಲೈನರ್. ಹೊಸ ಲೈನರ್ ಒಳಗೆ ಬೆಳಕು ಹಾಕಿ ನೋಡಿ, ಅಡ್ಡಡ್ಡ ಹೆಣೆದ ಸಣ್ಣ ಗೆರೆಗಳು ಕಾಣ್ತವೆ. ಹೋನಿಂಗ್ ಮಾಡಿ ಬೇಕೆಂತಲೇ ಹಾಕಿದ ಗೆರೆ ಅವು. ಎಣ್ಣೆ ನಿಲ್ಲೋದು ಆ ಗೆರೆಯಲ್ಲಿ. ಎಂಜಿನ್ನನ್ನು ಲೋಡಿಲ್ಲದೆ ಗಂಟೆಗಟ್ಟಲೆ ಸುಮ್ಮನೆ ಓಡಿಸ್ತಾ ಬಂದರೆ ಗೆರೆ ಮುಚ್ಚಿ ಲೈನರ್ ಗಾಜಿನ ಹಾಗಾಗ್ತದೆ. ಆಮೇಲೆ ಎಣ್ಣೆ ಕುಡಿಯೋದು, ನೀಲಿ ಹೊಗೆ. ಹೋಂಸ್ಟೇಯವರು ಬಂದವರಿಗೆ ತೋರಿಸಲು ದಿನಾ ಅರ್ಧ ಗಂಟೆ ಖಾಲಿ ಓಡಿಸ್ತೀವಿ ಅಂದಿದ್ದಾರೆ. ನನಗೆ ಬೇಜಾರಾಗಿದ್ದು ಬಫಿಂಗಿಗಿಂತ ಆ ಮಾತಿಗೆ.

ಇನ್ನು ತೋಟದವರಿಗೆ ಮುಖ್ಯವಾದ್ದು, ಮೈಲುತುತ್ತ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗ ಅಭ್ಯಾಸ ಮಾಡಿ ಬೋರ್ಡೋ ಹೊಡೆಯೋದನ್ನು ಮಲೆನಾಡಿಗೆ ಕಲಿಸಿದರು. ನೂರು ವರ್ಷ ದಾಟಿತು, ನಾವು ಇವತ್ತಿಗೂ 100 ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಒಂದು ಕೆಜಿ ಸುಣ್ಣ ಅಂತಲೇ ಕಲಸ್ತೀವಿ. ಪಾಕ ಸರಿಯಾಯ್ತಾ ಅಂತ ನೋಡಲು ಹೊಳೆಯೋ ಕತ್ತಿ ಅದ್ದೋದು ನಿಮಗೆಲ್ಲ ಗೊತ್ತು. ಕತ್ತಿ ಕೆಂಪಗಾದರೆ ಸುಣ್ಣ ಸಾಲದು. ಕತ್ತಿಯ ಮೇಲೆ ಕೂತದ್ದು ತಾಮ್ರ, ಅದು ಕೂತಷ್ಟು ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗಿರ್ತದೆ. ಈ ಪರೀಕ್ಷೆ ನಡೆಯೋದು ಕತ್ತಿ ಬರಿಮೈಯಲ್ಲಿ ಹೊಳೀತಿದ್ದರೆ ಮಾತ್ರ, ಎಣ್ಣೆ ಸವರಿದ ಕತ್ತಿ ಸುಳ್ಳು ಹೇಳ್ತದೆ. ಈಗ ಯೋಚನೆ ಮಾಡಿ, ಬಫ್ ಹೊಡೆಸಿ ಹೊಳೆಸಿದ ಪಂಪಿನ ಸ್ಟ್ಯಾಂಡು, ಗಾಲಿ, ಕವರ್ ಎಲ್ಲಾ ಆ ಕತ್ತಿಯ ಹಾಗೇ ಕೂತಿರ್ತವೆ. ಪೈಪಿನಿಂದ ಸೋರಿದ್ದು, ಕಲಸುವಾಗ ಹಾರಿದ್ದು ಅವುಗಳ ಮೇಲೇ ಬೀಳೋದು.

ಅಲ್ಯೂಮಿನಿಯಮ್ಮಿಗೆ ಮೈಮೇಲೆ ತನ್ನದೇ ಒಂದು ತೆಳು ಪೊರೆ ಇದೆ. ಗಾಳಿ ತಾಗಿದ ಕೂಡಲೇ ಕಟ್ಟಿಕೊಳ್ತದೆ, ತಿಕ್ಕಿ ತೆಗೆದರೂ ಮತ್ತೆ ಬರ್ತದೆ. ಹಾಗಾಗಿ ಬರೀ ಮಳೆಗಾಳಿಗೆ ಅದು ಹೆದರೋದಿಲ್ಲ. ಆದರೆ ಸುಣ್ಣದ ತಿಳಿ ಆ ಪೊರೆಯನ್ನೇ ಕರಗಿಸ್ತದೆ, ತಾಮ್ರ ಸೇರಿದರೆ ಸೂಜಿ ಚುಚ್ಚಿದ ಹಾಗೆ ಗುಂಡಿ ಬೀಳ್ತವೆ. ಔಷಧಿ ಪಂಪಿನ ಸಣ್ಣ ಎಂಜಿನ್ನುಗಳ ಕವರು ಬೂದಿ ಬೂದಿ ಆಗೋದು ಇದಕ್ಕೇ. ಅದಕ್ಕೆ ಪಾಲಿಶ್ ಮದ್ದಲ್ಲ. ಆವತ್ತಿನದನ್ನು ಆವತ್ತೇ ಸಿಹಿನೀರಿನಲ್ಲಿ ತೊಳೆದು ಒರೆಸಿಡಿ. ತೊಳೆಯಲು ಸೋಡಾ ಬಳಸಬೇಡಿ, ಅದೂ ಸುಣ್ಣದ ಕೆಲಸವನ್ನೇ ಮಾಡ್ತದೆ.

ಹಿತ್ತಾಳೆ ನಾಜಲ್, ಲ್ಯಾನ್ಸ್ ಇಟ್ಟುಕೊಂಡವರು ಒಂದು ಮಾತು ಕೇಳಿ. ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ಕೊಟ್ಟಿಗೆ ಅಟ್ಟದ ಮೇಲೆ ಇಡ್ತೀರಿ. ಕಿಲುಬಿಗಿಂತ ಅಪಾಯ ಅಲ್ಲಿದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿ ಸೈನ್ಯದವರು ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡ್ತಿದ್ದರು. ಮಳೆ ಮುಗಿಯೋ ಹೊತ್ತಿಗೆ ಹಿತ್ತಾಳೆ ಕೊಳವೆಗಳು ತಾವಾಗೇ ಸೀಳಿರ್ತಿದ್ದವು. ಕುದುರೆ ಗಂಜಲದ ಅಮೋನಿಯಾ, ಮಳೆಗಾಲದ ತೇವ, ಒತ್ತಿ ಎಳೆದು ಮಾಡಿದ ಹಿತ್ತಾಳೆಯೊಳಗಿನ ಬಿಗಿತ, ಮೂರೂ ಸೇರಿ ಹಾಗಾಗ್ತದೆ ಅಂತ 1921ರಲ್ಲಿ ಇಂಗ್ಲೆಂಡಿನ ಸಂಶೋಧಕರು ಬಿಡಿಸಿ ಹೇಳಿದರು. ದನದ ಕೊಟ್ಟಿಗೆಯಲ್ಲೂ ಅದೇ ಗಂಜಲ, ಅದೇ ಮಳೆ. ಹೊಳಪು ಅದನ್ನು ತಡೆಯೋದಿಲ್ಲ. ಕೊಟ್ಟಿಗೆಯಿಂದ ಆಚೆ, ಗಾಳಿಯಾಡುವ ಕಡೆ ಇಡಿ. ಹಿತ್ತಾಳೆ ಮಂಕಾದರೆ ಆಗಲಿ.

ಬಣ್ಣ ಹೊಡೆಸುವವರೂ ಎಲ್ಲಾ ಕಡೆ ಬಳಿಸಬೇಡಿ. ಸೈಲೆನ್ಸರಿಗೆ ಮಾಮೂಲಿ ಎನಾಮಲ್ ಎರಡು ದಿನಕ್ಕೆ ಸುಟ್ಟು ಸಿಪ್ಪೆ ಏಳ್ತದೆ, ಶಾಖ ತಡೆಯುವ ಅಲ್ಯೂಮಿನಿಯಂ ಪೇಂಟ್ ಅಂತ ಕೇಳಿ ತನ್ನಿ. ಗಾಳಿಯಿಂದ ತಣಿಯುವ ಎಂಜಿನ್ನಿನ ರೆಕ್ಕೆಗಳ ಮೇಲೆ ದಪ್ಪ ಬಣ್ಣ ಬಳಿದರೆ ಕಂಬಳಿ ಹೊದೆಸಿದ ಹಾಗೆ. ಹಳೇ ಎಂಜಿನ್ನಿನ ಬಣ್ಣ ಒಣದಾಗಿ ಉಜ್ಜಬೇಡಿ, ಆಗಿನ ಬಣ್ಣದಲ್ಲಿ ಸೀಸ ಇರೋ ಸಂಭವ ಜಾಸ್ತಿ. ನೀರು ಹಾಕಿ ಉಜ್ಜಿ, ಮುಖಕ್ಕೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಇಡಿ. ಇನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳೋರು, ಮೈಯೆಲ್ಲ ಹೊಸ ಬಣ್ಣ ಅಥವಾ ಹೊಸ ಬಫ್ ಕಂಡರೆ ಹೆಡ್ಡಿನ ಸುತ್ತ ಬಿರುಕು ಹುಡುಕಿ. ತಣ್ಣಗಿರುವಾಗ ಹೋಗಿ, ನೀವೇ ಹ್ಯಾಂಡಲ್ ತಿರುಗಿಸಿ ಶುರು ಮಾಡಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಬೇಡ.

ನಮ್ಮನೆ ಎಂಜಿನ್ನಿಗೆ ಕೊನೆಗೆ ಆದದ್ದು ಇಷ್ಟು. ಟ್ಯಾಪೆಟ್ ಕವರ್, ಬಾಡಿ, ಗಾಲಿಯ ಕಾಲುಗಳಿಗೆ ರೆಡ್ ಆಕ್ಸೈಡ್ ಮೇಲೆ ಹಸಿರು ಎನಾಮಲ್, ಅಪ್ಪಯ್ಯ ತಂದಾಗ ಇದ್ದ ಬಣ್ಣವೇ. ಅದನ್ನು ಆರಿಸಿದ್ದು ಅಮ್ಮ, ಹಳೇ ಡೀಸೆಲ್ ಟ್ಯಾಂಕಿನ ಅಡಿಯಲ್ಲಿ ಉಳಿದಿದ್ದ ಚೂರು ತೋರಿಸಿ. ಗಾಲಿಯ ಅಂಚಿಗೆ ಮಾತ್ರ ಹುಡುಗ ಬಫ್ ಹೊಡೆದ, ಲ್ಯಾಕರ್ ಇಲ್ಲ, ಗ್ರೀಸು. ಹದಿನೈದು ದಿನಕ್ಕೊಮ್ಮೆ ಒರೆಸೋದು ಅವನ ಪಾಲು. ಫೋಟೋ ಹೋಂಸ್ಟೇಯವರಿಗೆ ಕಳಿಸಿದ್ದೇವೆ. "ಇಷ್ಟೇ ಹೊಳಪಾ?" ಅಂತ ಕೇಳಿ, 30 ಸಾವಿರಕ್ಕೆ ಇಳಿದಿದ್ದಾರೆ. ಅಣ್ಣ ಇನ್ನೂ ಹೌದು ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಫೀಸು ಕಟ್ಟೋದು ದಸರಾ ಕಳೆದ ಮೇಲೆ. ಅಲ್ಲೀತನಕ ಅದು ಶೆಡ್ಡಲ್ಲೇ ಇರ್ತದೆ, ತಿಂಗಳಿಗೊಮ್ಮೆ ಪಂಪಿಗೆ ಪಟ್ಟಾ ಹಾಕಿ, ಲೋಡ್ ಕೊಟ್ಟೇ ಓಡಿಸ್ತೀವಿ.