ಪರವಾನಗಿಯೂ ಅಚೌರ್ಯವೂ

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ಕದ್ದ ಮಾಲನ್ನು ಕೊಳ್ಳುವುದು, ಅಳತೆಯಲ್ಲಿ ವಂಚಿಸುವುದು, ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವುದು ಅವುಗಳಲ್ಲಿ ಸೇರಿವೆ. ವ್ಯಾಪಾರಸ್ಥ ಶ್ರಾವಕನಿಗೆ ಇವು ನಿತ್ಯದ ಪರೀಕ್ಷೆಗಳು.

ಈಚೆಗೆ ನನ್ನ ತಮ್ಮನ ಮಗನು ಹಲಸೂರಿನ ನಮ್ಮ ಮನೆಗೆ ಬಂದು, ಶಿವಾಜಿನಗರದಲ್ಲಿ ವಿಡಿಯೊ ಆಟದ ಸಾಮಗ್ರಿಗಳ ಅಂಗಡಿ ತೆರೆಯಲು ಬಂಡವಾಳ ಕೇಳಿದನು. ಮಾದರಿಗೆಂದು '400 ಆಟಗಳು' ಎಂದು ಮುದ್ರಿಸಿದ್ದ ಕೈಯಂತ್ರವೊಂದನ್ನು ತಂದಿದ್ದನು. ತಯಾರಕನ ಹೆಸರು ಎಲ್ಲಿಯೂ ಇರಲಿಲ್ಲ; ಒಳಗೆ ಮಾರಿಯೊ, ಕಾಂಟ್ರಾ ಮೊದಲಾದ ಪ್ರಸಿದ್ಧ ಆಟಗಳಿದ್ದವು. "ದೊಡ್ಡಪ್ಪ, ಪರವಾನಗಿ ಇಲ್ಲದೆ ಆಟ ಪ್ರಕಟಿಸಿದವರು ಅಮೆರಿಕದಲ್ಲಿಯೇ ಮೊಕದ್ದಮೆ ಗೆದ್ದಿದ್ದಾರೆ" ಎಂದು ವಾದಿಸಿದನು.

ಅವನ ಮಾತು ಅರ್ಧ ಸತ್ಯ. 1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ನಿಂಟೆಂಡೊ ಯಂತ್ರದಲ್ಲಿ ಬೀಗದಂತಹ ಚಿಪ್ ಒಂದಿತ್ತು. ಕಂಪನಿಯ ಒಪ್ಪಿಗೆಯಿಲ್ಲದ ಕ್ಯಾಸೆಟ್‌ಗಳನ್ನು ಅದು ತಡೆಯುತ್ತಿತ್ತು. ಇದನ್ನು ಮೀರಲು ಅಟಾರಿ ಗೇಮ್ಸ್ ಸಂಸ್ಥೆಯು ಸುಳ್ಳು ಹೇಳಿಕೆ ನೀಡಿ, ಕೃತಿಸ್ವಾಮ್ಯ ಕಚೇರಿಯಿಂದ ಆ ಚಿಪ್ಪಿನ ಪ್ರೋಗ್ರಾಮಿನ ಪ್ರತಿಯನ್ನು ಪಡೆಯಿತು. 1992ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದರ ವಿರುದ್ಧದ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕೋಲೇಡ್ ಎಂಬ ಪ್ರಕಾಶನ ಸಂಸ್ಥೆಯ ಮೇಲಿದ್ದ ತಡೆಯಾಜ್ಞೆಯನ್ನು ಇನ್ನೊಂದು ಮೇಲ್ಮನವಿ ನ್ಯಾಯಾಲಯವು ತೆರವುಗೊಳಿಸಿತು. ಆ ಸಂಸ್ಥೆಯು ಸೆಗಾ ಕಂಪನಿಯ ಯಂತ್ರವನ್ನೂ ಮೂರು ಕ್ಯಾಸೆಟ್‌ಗಳನ್ನೂ ಹಣ ತೆತ್ತು ಕೊಂಡು, ಅವು ನಡೆಯುವ ಬಗೆಯನ್ನು ಬಿಡಿಸಿ ಅರಿತು, ಆ ಯಂತ್ರಕ್ಕೆ ಹೊಂದುವಂತೆ ತನ್ನ ಆಟಗಳನ್ನು ಸಿದ್ಧಪಡಿಸಿತ್ತು.

ಇಬ್ಬರೂ ಪರವಾನಗಿ ಇಲ್ಲದೆ ಆಟಗಳನ್ನು ಪ್ರಕಟಿಸಿದ್ದರು. ಒಬ್ಬರು ಶ್ರಮದಿಂದ ಅರಿತರು. ಇನ್ನೊಬ್ಬರು ಅಸತ್ಯದಿಂದ ಪಡೆದರು. ಎದುರಿನ ಕೈಯಂತ್ರವಾದರೋ ಈ ಎರಡಕ್ಕಿಂತಲೂ ಕೆಳಗಿನದು. ಬೇರೆಯವರು ರಚಿಸಿದ ಆಟಗಳನ್ನೇ ಕೇಳದೆ ತುಂಬಿಕೊಂಡದ್ದು. ತೊಂಬತ್ತರ ದಶಕದ 'ಸಾವಿರಾರು ಆಟ'ಗಳ ಕ್ಯಾಸೆಟ್‌ಗಳನ್ನು ಬಲ್ಲವರಿಗೆ ಆ ಸಂಖ್ಯೆಯ ಮರ್ಮವೂ ಗೊತ್ತು: ಕೆಲವೇ ಆಟಗಳು ಮತ್ತೆ ಮತ್ತೆ ಬಂದು ಎಣಿಕೆಯನ್ನು ಹಿಗ್ಗಿಸುತ್ತಿದ್ದವು. ಅದು ತಕ್ಕಡಿಯ ಮೋಸದ ಇನ್ನೊಂದು ರೂಪ.

ನಾನು ಅವನಿಗೆ ಹೇಳಿದೆ: "ತಯಾರಕನು ತನ್ನ ಹೆಸರಿನಲ್ಲಿಯೇ ಮಾಡಿದ ಜಾಯ್‌ಸ್ಟಿಕ್, ಕೇಬಲ್, ಅಡಾಪ್ಟರುಗಳನ್ನು ಮಾರು, ದೊಡ್ಡ ಕಂಪನಿಯ ಮುದ್ರೆ ಇಲ್ಲದಿದ್ದರೂ ಬಾಧಕವಿಲ್ಲ. ಕೈಯಂತ್ರಗಳನ್ನು ಬಿಡುವುದಾದರೆ ಹಣ ಕೊಡುವೆನು."

"ಲಾಭವಿರುವುದೇ ಅವುಗಳಲ್ಲಿ" ಎಂದು ಅವನು ಬೇಸರದಿಂದ ಎದ್ದುಹೋದನು. ಇನ್ನೂ ಉತ್ತರ ಬಂದಿಲ್ಲ. ತಮ್ಮನೂ ನನ್ನಲ್ಲಿ ಮುನಿದಿದ್ದಾನೆ. ಆದರೆ ಮಾಲು ಎಲ್ಲಿಂದ ಬಂದಿತೆಂದು ಬಲ್ಲ ಬಳಿಕ, ಬಂಡವಾಳ ಕೊಡುವವನೂ ಆ ಅಂಗಡಿಯ ವ್ಯಾಪಾರಿಯೇ ಆಗುತ್ತಾನೆ. ಮಕ್ಕಳಿಗೆ ಹಣ ನೀಡುವ ಹಿರಿಯರು ಬಡ್ಡಿಯ ಲೆಕ್ಕಕ್ಕೆ ಮೊದಲು ಮಾಲಿನ ಮೂಲವನ್ನು ಕೇಳುವುದು ಉಚಿತ.