ಅಂಗೈಗೆ ಬಂದ ಪೇಟೆ

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳು ಒಂದೇ ದಾರಕ್ಕೆ ಪೋಣಿಸಿದಂತೆ ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು ಏಲಕ್ಕಿ ಮಾಲೆಯ ಊರು. ನಡುವಿನದು ಮೆಣಸಿನಕಾಯಿಯ ಪೇಟೆ. ಕೊನೆಯದು ಬಿತ್ತನೆ ಬೀಜಕ್ಕೂ ಕೃಷ್ಣಮೃಗಗಳ ಅಭಯಾರಣ್ಯಕ್ಕೂ ಹೆಸರಾದುದು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಯಿತು. 2016ರ ಅನಂತರ ಅಗ್ಗದ ಅಂತರ್ಜಾಲವು ಇಲ್ಲಿಯೂ ಮನೆಮನೆ ಹೊಕ್ಕಿತು. ಈ ಎರಡನೆಯ ಬದಲಾವಣೆಯನ್ನು ಕಾಣಬಯಸುವವರು ಬ್ಯಾಡಗಿಯಲ್ಲಿ ಇಳಿಯಬೇಕು.

ಸುಗ್ಗಿಯ ಕಾಲದಲ್ಲಿ ಪೇಟೆಯನ್ನು ಕಣ್ಣಿಗಿಂತ ಮೊದಲು ಮೂಗೇ ಗುರುತಿಸುತ್ತದೆ. ಮುಖಕ್ಕೆ ವಸ್ತ್ರ ಕಟ್ಟಿಕೊಂಡು ಒಳನಡೆದರೆ ಚೀಲಗಳ ಸಾಲು, ಕೆಂಪು ರಾಶಿಗಳ ಸಾಲು. ಡಬ್ಬಿ, ಕಡ್ಡಿ ಎಂದು ಇಲ್ಲಿಯ ಕಾಯಿಯಲ್ಲಿ ಎರಡು ಬಗೆ. ಖಾರ ಕಡಮೆ, ಬಣ್ಣ ಗಾಢ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬಳ್ಳಾರಿ, ರಾಯಚೂರುಗಳಿಂದಲೂ ಆಂಧ್ರದಿಂದಲೂ ರೈತರು ಇಲ್ಲಿಗೆ ಕಾಯಿ ತರುತ್ತಾರೆ.

ಹಿಂದೆ ಹಳ್ಳಿಯ ರೈತನಿಗೆ ದರದ ಸುದ್ದಿ ಬರುತ್ತಿದ್ದುದು ದಲಾಲರ ಬಾಯಿಂದ, ಪೇಟೆಗೆ ಹೋಗಿಬಂದ ನೆರೆಯವರಿಂದ ಅಥವಾ ಮರುದಿನದ ಪತ್ರಿಕೆಯಿಂದ. ಈಗ ಖರೀದಿದಾರರು ಗಣಕಯಂತ್ರದಲ್ಲಿ ಟೆಂಡರು ಹಾಕುತ್ತಾರೆ. ದರ ಹೊರಬಿದ್ದ ಸ್ವಲ್ಪ ಹೊತ್ತಿನಲ್ಲೇ ಅದು ವಾಟ್ಸ್ಯಾಪಿನ ಮೂಲಕ ಹೊಲದಲ್ಲಿರುವವನ ಅಂಗೈಗೆ ಬರುತ್ತದೆ. ಇದು ಸಣ್ಣ ಉಪಕಾರವೇನಲ್ಲ. ಆದರೆ ಏರಿದ ದರದ ಸುದ್ದಿ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಮುಟ್ಟಿದರೆ ಎಲ್ಲರ ಗಾಡಿಯೂ ಅದೇ ಪೇಟೆಗೆ ಹೊರಡುತ್ತದೆ. ಆಗ ಶೀತಲಗೃಹದಲ್ಲಿ ಚೀಲವಿರಿಸಿ ಕಾಯಬಲ್ಲವನು ಕಾಯುತ್ತಾನೆ. ಸಾಲಗಾರನು ಬಾಗಿಲಲ್ಲಿ ನಿಂತಿರುವವನು ಅಂದೇ ಮಾರುತ್ತಾನೆ. ಸುದ್ದಿ ಇಬ್ಬರಿಗೂ ಒಂದೇ. ಅನುಕೂಲ ಮಾತ್ರ ಬೇರೆ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿಯಿಟ್ಟರು. ಆ ಬೆಂಕಿಯ ಚಿತ್ರವನ್ನೂ ನಾಡು ಅಂಗೈಯಲ್ಲೇ ಕಂಡಿತು.

ಮತ್ತೆ ರೈಲನ್ನೇರಿ ರಾಣೆಬೆನ್ನೂರಿಗೆ ಬಂದರೆ ಇದೇ ಬದಲಾವಣೆಯ ಇನ್ನೊಂದು ಮುಖ. ದೀಪಾವಳಿಯ ಬಳಿಕ ಈ ಜಿಲ್ಲೆಯಲ್ಲೆಲ್ಲ ಹೋರಿ ಬೆದರಿಸುವ ಹಬ್ಬ. ಕೊಬ್ಬರಿಯ ಮಾಲೆ, ಬಲೂನುಗಳಿಂದ ಸಿಂಗರಿಸಿದ ಹೋರಿ ಜನಸಂದಣಿಯ ನಡುವೆ ಓಡುತ್ತದೆ. ತರುಣರು ಕೊಬ್ಬರಿ ಕೀಳಲು ಮುನ್ನುಗ್ಗುತ್ತಾರೆ. ಊರು, ನೆರೆಯೂರಿಗೆ ಸೀಮಿತವಾಗಿದ್ದ ಹೋರಿಯ ಕೀರ್ತಿ ಇಂದು ಯೂಟ್ಯೂಬಿನಿಂದ ಜಿಲ್ಲೆಯ ಗಡಿ ದಾಟಿದೆ. ಹೋರಿಗಳಿಗೂ ಅಭಿಮಾನಿ ಬಳಗಗಳಿವೆ. ಸಾಕಿದವನ ಹೆಮ್ಮೆಗೆ ಇದು ಹಾಲು ಕುಡಿದಷ್ಟು ಸಂತೋಷ. ಆದರೆ ಈ ಹಬ್ಬದಲ್ಲಿ ತಿವಿತಕ್ಕೆ ಪ್ರಾಣ ತೆತ್ತವರಿದ್ದಾರೆ. ಮೊಬೈಲಿನ ತೆರೆಯ ಮೇಲೆ ನೋಡುವವನಿಗೆ ಕೊಂಬು ಇನ್ನೂ ದೂರದಲ್ಲಿರುವಂತೆ ತೋರುತ್ತದೆ.

ಅಂತರ್ಜಾಲವು ಈ ಮೂರು ಊರುಗಳಿಗೆ ಸುದ್ದಿಯನ್ನು ಕೊಟ್ಟಿದೆ. ದರ ತಿಳಿದ ರೈತನಿಗೆ, ಆ ದರ ಹಿಡಿಸದಿದ್ದಾಗ ಕಾಯಿಯನ್ನು ನಾಲ್ಕು ತಿಂಗಳು ಇಟ್ಟು ಕಾಯುವ ಅನುಕೂಲವನ್ನು ಒದಗಿಸಬೇಕಾದವರು ನಾವು.